ಸಹಾಯ ಬೇಕು: ಖಾಲಿ ಬಿಟ್ಟ ಕಾಲಂ ಅನ್ನು ಸೊನ್ನೆ ಎಂದು ಎಣಿಸುತ್ತಿರುವ ನ್ಯೂಸ್-2 ಸ್ಕೋರ್

ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಬಲ್ಲವರು ದಯವಿಟ್ಟು ನೋಡಿ. ವಾರ್ಡಿನ ವೈಟಲ್ಸ್ ಫಾರ್ಮ್‌ನಲ್ಲಿ ನ್ಯೂಸ್-2 (ರೋಗಿ ಹದಗೆಡುತ್ತಿದ್ದಾರೆಯೇ ಎಂದು ನಾಡಿ, ಬಿಪಿ, ಉಸಿರಾಟ ಮುಂತಾದವುಗಳಿಂದ ಅಳೆಯುವ ಎಚ್ಚರಿಕೆ ಅಂಕ) ತಾನಾಗಿಯೇ ಲೆಕ್ಕವಾಗುತ್ತದೆ. ಆದರೆ ಉಸಿರಾಟದ ದರ ತುಂಬದಿದ್ದರೂ ಮೊತ್ತ ಬಂದುಬಿಡುತ್ತದೆ. ಇದು ಸಣ್ಣ ವಿಷಯವಲ್ಲ. ಒಂದು ಉದಾಹರಣೆ: ಉಸಿರಾಟ 26, ಆಕ್ಸಿಜನ್ ಮೇಲೆ ಎಸ್‌ಪಿಓ2 (ರಕ್ತದ ಆಮ್ಲಜನಕ ಮಟ್ಟ) 93, ನಾಡಿ 112, ಬಿಪಿ 118, ಜ್ವರವಿಲ್ಲ, ಪೂರ್ಣ ಎಚ್ಚರ. ಉಸಿರಾಟಕ್ಕೆ 3, ಆಮ್ಲಜನಕ ಮಟ್ಟಕ್ಕೆ 2, ಆಕ್ಸಿಜನ್ ಕೊಡುತ್ತಿರುವುದಕ್ಕೆ 2, ನಾಡಿಗೆ 2, ಅಂದರೆ 9. ಉಸಿರಾಟ ಖಾಲಿ ಬಿಟ್ಟರೆ 6. 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು ತಂಡವನ್ನು ಕರೆಯಬೇಕಾದ ರೋಗಿ ಪರದೆಯ ಮೇಲೆ ಒಂದು ಹಂತ ಕೆಳಗೆ ಕಾಣುತ್ತಾರೆ. ರೋಗಿ ಹದಗೆಡುವ ಮೊದಲ ಸುಳಿವು ಎಷ್ಟೋ ಸಲ ಉಸಿರಾಟದಲ್ಲೇ ಸಿಗುತ್ತದೆ. ಅವಸರದಲ್ಲಿ ಬಿಟ್ಟುಹೋಗುವುದೂ ಅದೇ, ಏಕೆಂದರೆ ಬಿಪಿ, ನಾಡಿಯ ಸಾಮಾನ್ಯ ಮಾನಿಟರ್ ನೋಡಿ ಅದನ್ನು ಬರೆಯಲಾಗದು, ಪೂರ್ತಿ ಒಂದು ನಿಮಿಷ ಎಣಿಸಬೇಕು.

7 ಅಂಶಗಳೂ ತುಂಬುವವರೆಗೆ ಮೊತ್ತದ ಜಾಗದಲ್ಲಿ ‘ಅಪೂರ್ಣ’ ಎಂದು ತೋರಿಸುವ ನಿಯಮವನ್ನು ಯಾರಾದರೂ ಬರೆದಿದ್ದೀರಾ? ಬಹ್ಮ್ನಿಯಂಥ ಮುಕ್ತ ಆಸ್ಪತ್ರೆ ತಂತ್ರಾಂಶದಲ್ಲಿ ಮಾಡಿದ್ದರೆ ಫಾರ್ಮ್‌ನ ಷರತ್ತುಗಳನ್ನು ಇಲ್ಲಿ ಹಾಕಿ. ಕಾಲಂ ಕಡ್ಡಾಯ ಮಾಡಿ ಎಂಬ ಸಲಹೆ ಬೇಡ. ಆಗ ಎಣಿಸದೆಯೇ ಎಲ್ಲರಿಗೂ ಉಸಿರಾಟ 18 ಅಥವಾ 20 ಎಂದೇ ದಾಖಲಾಗುತ್ತದೆ.

ಸಿಓಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ರೋಗಿಗಳದು ಇನ್ನೊಂದು ತೊಡಕು. ಆಮ್ಲಜನಕ ಮಟ್ಟದ ಗುರಿ 88–92 ಇರುವವರಿಗೆ ಎರಡನೇ ಎಸ್‌ಪಿಓ2 ಮಾಪಕ ಬೇಕು, ಇಲ್ಲದಿದ್ದರೆ 90ಕ್ಕೂ 3 ಅಂಕ ಬಿದ್ದು ಸುಳ್ಳು ಎಚ್ಚರಿಕೆ ಬರುತ್ತದೆ. ಆ ಮಾಪಕವನ್ನು ವೈದ್ಯರ ಆದೇಶಕ್ಕೆ ಜೋಡಿಸಿದ್ದೀರಾ, ನರ್ಸ್ ಆಯ್ಕೆಗೆ ಬಿಟ್ಟಿದ್ದೀರಾ? ನನ್ನ ಮಟ್ಟಿಗೆ ಆದೇಶವೇ ಸರಿ.

ಸ್ಕ್ರೀನ್‌ಶಾಟ್ ಹಾಕುವವರು ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್ ಮರೆಮಾಡಿ.