‘ಸಮಗುಂಪು’ ಬೇಡ, ‘ಸರಿದೂಗುವ ಗುಂಪುಗಳು’ ಎನ್ನಿ

ಮಾನ್ಯರೇ,

ತಮ್ಮ ಶಿಕ್ಷಕರ ಕೈಪಿಡಿ ನಾಳೆಯೇ ಅಚ್ಚಿಗೆ ಹೋಗಬೇಕೆಂದೂ, ಬೇರೆಬೇರೆ ಮಟ್ಟದ ಮಕ್ಕಳನ್ನು ಕೂಡಿಸಿ ಒಂದಕ್ಕೊಂದು ಸಮನಾಗಿರುವಂತೆ ಮಾಡುವ ಗುಂಪುಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂದೂ ಕೇಳಿ ಬರೆದಿದ್ದೀರಿ. ಇಲ್ಲಿಯವರೆಗೆ ಸೂಚಿಸಲಾದ ಯಾವ ಪದವೂ ಆ ಸಂದರ್ಭಕ್ಕೆ ಒಗ್ಗುವುದಿಲ್ಲ. ಗುಂಪು ಮಾಡುವಾಗ ನಿಜವಾಗಿ ಆಗುವುದೇನು ಎಂಬುದನ್ನು ಸಲಹೆ ಕೊಟ್ಟವರು ನೋಡಿಲ್ಲ.

ಇಪ್ಪತ್ನಾಲ್ಕು ಮಕ್ಕಳ ಹೆಸರನ್ನು ಓದುವ ಸಾಮರ್ಥ್ಯದ ಕ್ರಮದಲ್ಲಿ ಬರೆದು, ಮೊದಲ ಆರು ಮಂದಿಯನ್ನು ಆರು ಗುಂಪುಗಳಿಗೆ ಒಬ್ಬೊಬ್ಬರಂತೆ ಹಾಕಿ, ಮುಂದಿನ ಆರು ಮಂದಿಯನ್ನು ಕೊನೆಯ ಗುಂಪಿನಿಂದ ಹಿಂದಕ್ಕೆ ಹಾಕುತ್ತ ಬಂದು, ಹೀಗೆಯೇ ನಾಲ್ಕು ಸುತ್ತು ಮುಗಿಸಿದರೆ, ಮೊದಲ ಗುಂಪಿಗೆ 1, 12, 13, 24ನೆಯವರೂ ಕೊನೆಯ ಗುಂಪಿಗೆ 6, 7, 18, 19ನೆಯವರೂ ಬರುತ್ತಾರೆ. ಯಾವ ಗುಂಪಿನ ಕ್ರಮಸಂಖ್ಯೆಗಳನ್ನು ಕೂಡಿದರೂ ಮೊತ್ತ 50. ಗುಂಪಿನ ಒಳಗೆ ಏರುಪೇರು ಇದ್ದೇ ಇರುತ್ತದೆ, ಇರಲೂಬೇಕು. ಗುಂಪು ಗುಂಪುಗಳ ನಡುವೆ ಅದು ಇರಬಾರದು, ಅಷ್ಟೆ.

‘ಸಮಗುಂಪು’ ಎಂದು ಅಚ್ಚಾದರೆ ಓದಿದವರು ಒಂದೇ ಮಟ್ಟದ ಮಕ್ಕಳ ಗುಂಪೆಂದು ತಿಳಿದು ನೇರ ವಿರುದ್ಧವಾದುದನ್ನು ಮಾಡುತ್ತಾರೆ. ಅದು ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಜೋಡಿಸಿದ ಸಲ್ಲದ ಸಮಾಸ, ಎಂಬ ಆಕ್ಷೇಪ ಇಲ್ಲಿ ಅಪ್ರಸ್ತುತ. ‘ಪಂಗಡ’ ಸಲ್ಲದು. ‘ಬೆರಕೆ ಗುಂಪು’ ಅಚ್ಚಗನ್ನಡವೆಂಬ ಒಂದೇ ಕಾರಣಕ್ಕೆ ಅದನ್ನು ಎತ್ತಿಹಿಡಿದವರು, ಬೆರಕೆ ಎಂಬ ಮಾತನ್ನು ನಾವು ಕಲಬೆರಕೆಗೂ ಬೈಗುಳಕ್ಕೂ ಬಳಸುತ್ತ ಬಂದಿರುವುದನ್ನು ಮರೆತಿದ್ದಾರೆ. ಮಕ್ಕಳ ಮೇಲೆ ಆ ಹೆಸರನ್ನು ಹೊರಿಸುವುದು ನನಗಂತೂ ಸಹಿಸಲಾಗದ ಸಂಗತಿ.

‘ಸಮತೋಲಿತ’ ತಪ್ಪಲ್ಲ, ಸಂಸ್ಕೃತದ್ದೆಂದು ಅದನ್ನು ತಳ್ಳಿಹಾಕುವ ಹಟ ನನಗಿಲ್ಲ. ಆದರೂ ಒಂದೊಂದು ಗುಂಪೂ ತನ್ನೊಳಗೆ ತಾನು ಸಮತೋಲದಲ್ಲಿದೆ ಎಂಬ ಭಾವನೆಗೆ ಅದು ಎಡೆಗೊಡುತ್ತದೆ. ‘ಸರಿದೂಗು’ ಹಾಗಲ್ಲ. ‘ಮಳೆ’, ‘ಕಾಲ’ ಸೇರಿ ‘ಮಳೆಗಾಲ’ ಆದಂತೆಯೇ, ‘ಸರಿ’, ‘ತೂಗು’ ಸೇರಿ ತಕಾರಕ್ಕೆ ದಕಾರ ಆದೇಶವಾಗಿ ಬಂದ ಈ ಕ್ರಿಯಾಪದದಲ್ಲಿ ತಕ್ಕಡಿಯ ಎರಡು ತಟ್ಟೆಗಳು ಇನ್ನೂ ಕಾಣುತ್ತವೆ. ಒಂದು ಸರಿದೂಗಬೇಕಾದರೆ ಎದುರಿಗೆ ಇನ್ನೊಂದು ಇರಲೇಬೇಕು. ನಮಗೆ ಬೇಕಾದ ಅರ್ಥವೂ ಅದೇ.

ಪದಕ್ಕಾಗಿ ಜಗಳವಾಡಿದ ಯಾರೂ ಕ್ರಿಯಾಪದದತ್ತ ಕಣ್ಣು ಹಾಯಿಸಲಿಲ್ಲ. ತಮ್ಮ ಕರಡಿನಲ್ಲಿ ‘ಮಕ್ಕಳನ್ನು ವಿಂಗಡಿಸಿ’ ಎಂದಿದೆ. ವಿಂಗಡಿಸುವುದೆಂದರೆ ಬಗೆಬಗೆಯವನ್ನು ಬೇರೆಬೇರೆಯಾಗಿ ತೆಗೆದಿಡುವುದು: ಚಿಕ್ಕ ಮಣಿ ಒಂದು ಕಡೆ, ದೊಡ್ಡ ಮಣಿ ಇನ್ನೊಂದು ಕಡೆ. ಇಲ್ಲಿ ಬೇಕಾದದ್ದು ಹಂಚುವುದು. ಆದುದರಿಂದ ನಾಮಪದವನ್ನೇ ಹುಡುಕುತ್ತ ಕೂರದೆ ಹೀಗೆ ಅಚ್ಚು ಮಾಡಿಸಿ: ‘ಗುಂಪುಗಳು ಒಂದಕ್ಕೊಂದು ಸರಿದೂಗುವಂತೆ ಮಕ್ಕಳನ್ನು ನಾಲ್ಕು ನಾಲ್ಕು ಮಂದಿಯಾಗಿ ಹಂಚಿರಿ.’ ಶೀರ್ಷಿಕೆಗೆ ‘ಸರಿದೂಗುವ ಗುಂಪುಗಳು’ ಸಾಕು. ಬಹುವಚನವನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ.