ಸಹಾಯ ಬೇಕು: ವ್ಯಾನಿನ ಬ್ಯಾಟರಿ ವೈರಿಂಗ್ ಬಲ್ಲವರು ಪುಣೆಯಲ್ಲಿ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಹಡಪ್ಸರದಲ್ಲಿ. ಹಳೇ ಟ್ರಾವೆಲರ್ ವ್ಯಾನನ್ನು ಓಡಾಡುವ ಮನೆ ಮಾಡಿಕೊಂಡಿದ್ದೇವೆ. 12 ವೋಲ್ಟ್, 200 ಎಎಚ್ (ಆಂಪ್-ಅವರ್) ಲಿಥಿಯಂ ಬ್ಯಾಟರಿ, ಮೇಲೆ 400 ವಾಟ್ ಸೋಲಾರ್, 1,000 ವಾಟ್ ಇನ್ವರ್ಟರ್.

ಹೋದ ಭಾನುವಾರ ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದ್ದೇ ತಡ, ಸುಟ್ಟ ವಾಸನೆ. ಸೀಟು ಎತ್ತಿ ನೋಡಿದರೆ ಬ್ಯಾಟರಿಯ ಪ್ಲಸ್ ಲಗ್ (ವೈರಿನ ತುದಿಯ ಲೋಹದ ಕೊಂಡಿ) ಕಪ್ಪಾಗಿದೆ, ಕೆಂಪು ವೈರಿನ ಸಿಪ್ಪೆ ಮೇಣದ ಹಾಗೆ ಮೆತ್ತಗಾಗಿದೆ. ಎದೆ ಧಸಕ್ಕೆಂದಿತು. ಫಿಟ್ಟಿಂಗ್ ಮಾಡಿದವರು ಬರೀ 10 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದಾರೆ, ಫ್ಯೂಸೇ ಇಲ್ಲ! ಇನ್ವರ್ಟರ್ ಪೂರ್ತಿ ಲೋಡ್ ತೆಗೆದುಕೊಂಡರೆ 80 ಆಂಪ್ ದಾಟುತ್ತದಲ್ಲ.

ಬ್ಯಾಟರಿಯಿಂದ ಇನ್ವರ್ಟರಿಗೆ ಒಂದೂವರೆ ಮೀಟರ್ ದೂರಕ್ಕೆ 35 ಸ್ಕ್ವೇರ್ ಎಂಎಂ ಸಾಕೇ? ಬ್ಯಾಟರಿ ಪಕ್ಕದಲ್ಲೇ 125 ಆಂಪ್ ಫ್ಯೂಸ್ ಸರಿಯೇ? ಎಂಜಿನ್ ಓಡುವಾಗ ಕರೆಂಟ್ ಕೊಡುವ ಆಲ್ಟರ್ನೇಟರನ್ನೂ ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದಾರೆ. ಲಿಥಿಯಂ ಸಿಕ್ಕಾಪಟ್ಟೆ ಕರೆಂಟ್ ಎಳೆದು ಆಲ್ಟರ್ನೇಟರ್ ಸುಡಬಹುದೆಂಬ ಭಯ. ಆ ಕರೆಂಟಿಗೆ ಮಿತಿ ಹಾಕುವ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದವರು ಅನುಭವ ಹೇಳಿ.

ಲಗ್ಗನ್ನು ಸುತ್ತಿಗೆಯಲ್ಲಿ ಬಡಿಯದೆ ಹೈಡ್ರಾಲಿಕ್ ಕ್ರಿಂಪರಿನಲ್ಲಿ (ವೈರಿಗೆ ಬಿಗಿಯಾಗಿ ಒತ್ತುವ ಉಪಕರಣ) ಒತ್ತಿಕೊಡುವವರು ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಕಡೆ ಇದ್ದರೆ ದಯವಿಟ್ಟು ತಿಳಿಸಿ. ಅಮ್ಮನಿಗೆ ರಾತ್ರಿಯಿಡೀ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ) ಮಷೀನ್ ನಡೆಯಲೇಬೇಕು. ಇದು ಸರಿಹೋಗದೆ ಅವರನ್ನು ಗೋಕರ್ಣಕ್ಕೆ ಕರೆದೊಯ್ಯಲು ನನಗೆ ಧೈರ್ಯವಿಲ್ಲ.