ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಹೊಳಪು ಮಾಯ, ಪಿಸಿಆರ್‌ನಲ್ಲಿ (ಡಿಎನ್‌ಎ ಪರೀಕ್ಷೆ) ಜೀನ್ ಮಾತ್ರ ಇದೆ! ಯಾರಾದರೂ ಹೇಳಿ

ಪೈಪೆಟ್_ಪುಟ್ಟ:
ತಲೆ ಕೆಟ್ಟುಹೋಗಿದೆ. ಕೋಶದ ಡಿಎನ್‌ಎಯೊಳಗೆ ಜೀನ್ ಕೂರಿಸುವ ಲೆಂಟಿವೈರಸ್ ಬಳಸಿ ಕೋಶಗಳಿಗೆ ಜಿಎಫ್‌ಪಿ ಜೀನ್ ಸೇರಿಸಿದ್ದೆ. ಮೊದಲ ವಾರ ಪ್ಲೇಟ್ ತುಂಬಾ ಹಸಿರು. ಆರು ವಾರ ಕಳೆದ ಮೇಲೆ ಹತ್ತರಲ್ಲಿ ಒಂದು ಕೋಶ ಹೊಳೆದರೆ ಪುಣ್ಯ. ಪಿಸಿಆರ್ ಮಾಡಿದರೆ ಬ್ಯಾಂಡ್ ದಪ್ಪಗೆ ಬರುತ್ತದೆ, ಅಂದರೆ ಜೀನ್ ಅಲ್ಲೇ ಇದೆ. ಎಲ್ಲಿ ಎಡವಿದೆ?

ಹಳೇ_ಇನ್‌ಕ್ಯುಬೇಟರ್:
ಮೈಕೊಪ್ಲಾಸ್ಮಾ, ಕೋಶಗಳಿಗೆ ಹತ್ತುವ ಬ್ಯಾಕ್ಟೀರಿಯಾ. ಬೇರೇನೂ ಅಲ್ಲ.

ಪೈಪೆಟ್_ಪುಟ್ಟ:
ಟೆಸ್ಟ್ ಆಗಿದೆ ಸಾರ್, ನೆಗೆಟಿವ್.

ಹಳೇ_ಇನ್‌ಕ್ಯುಬೇಟರ್:
ಕಿಟ್ ಹಳೇದಿರುತ್ತದೆ. ಇನ್ನೊಮ್ಮೆ ಮಾಡಿ.

ಹಿಸ್ಟೋನ್_ಅಕ್ಕ:
ಸುಮ್ನೆ ಅದರ ಹಿಂದೆ ಯಾಕೆ ಬಿದ್ದಿದ್ದೀರಿ? ಪುಟ್ಟ, ಪ್ರೊಮೋಟರ್ (ಜೀನನ್ನು ಆನ್ ಮಾಡುವ ಡಿಎನ್‌ಎ ತುಣುಕು) ಯಾವುದು, ಕೋಶ ಯಾವುದು ಅಂತ ಹೇಳಲೇ ಇಲ್ಲವಲ್ಲ.

ಪೈಪೆಟ್_ಪುಟ್ಟ:
ಸಿಎಂವಿ, ಆ ಹೆಸರಿನ ವೈರಸ್‌ನ ಪ್ರೊಮೋಟರ್. ಎಲ್ಲರೂ ಹಾಕೋದು ಅದೇ ಅಲ್ವಾ? ಇಲಿಯ ಇಎಸ್ ಕೋಶ (ಭ್ರೂಣದ ಕಾಂಡಕೋಶ).

ಹಿಸ್ಟೋನ್_ಅಕ್ಕ:
ಅದನ್ನು ಮೊದಲೇ ಹೇಳಬಾರದಾ! ಇಎಸ್ ಕೋಶದಲ್ಲಿ ಸಿಎಂವಿ ಬೇಗ ಮಲಗಿಬಿಡುತ್ತದೆ. ಅದರ ಸಿಪಿಜಿಗಳಿಗೆ (ಡಿಎನ್‌ಎಯಲ್ಲಿ ಸಿ, ಜಿ ಅಕ್ಕಪಕ್ಕ ಇರುವ ಜಾಗ) ಮೀಥೈಲ್ ಅಂಟುತ್ತದೆ, ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್‌ಗಳಾದ ಹಿಸ್ಟೋನ್‌ಗಳ ಅಸಿಟೈಲ್ ಕಳಚುತ್ತದೆ. ಆಮೇಲೆ ನ್ಯೂಕ್ಲಿಯೋಸೋಮ್‌ಗಳು (ಹಿಸ್ಟೋನ್‌ಗೆ ಡಿಎನ್‌ಎ ಸುತ್ತಿದ ಉಂಡೆಗಳು) ಒತ್ತೊತ್ತಾಗಿ ಕೂರುತ್ತವೆ, ಜೀನನ್ನು ಓದುವ ಪಾಲಿಮರೇಸ್‌ಗೆ ಜಾಗವೇ ಸಿಗುವುದಿಲ್ಲ. ಪಿಸಿಆರ್‌ಗೆ ಇದೆಲ್ಲ ಕಾಣುವುದಿಲ್ಲ. ಡಿಎನ್‌ಎ ತೆಗೆಯುವಾಗ ಪ್ರೋಟೀನ್ ಕರಗಿಸುವ ಪ್ರೋಟೀನೇಸ್ ಕೆ ಹಾಕಿದ ಕೂಡಲೇ ಹಿಸ್ಟೋನ್ ಹೋಯಿತು, ಉಳಿದದ್ದು ಬರೀ ಡಿಎನ್‌ಎ.

ನೊಣದ_ಕಣ್ಣು:
1930ರಲ್ಲೇ ತಳಿವಿಜ್ಞಾನಿ ಮುಲ್ಲರ್ ಇದನ್ನು ಹಣ್ಣಿನ ನೊಣದಲ್ಲಿ ಕಂಡಿದ್ದರು. ಕಣ್ಣಿಗೆ ಕೆಂಪು ಕೊಡುವ ವೈಟ್ ಜೀನ್ ಕೆಟ್ಟಿರಲಿಲ್ಲ, ಹೆಟೆರೊಕ್ರೊಮಾಟಿನ್ (ಡಿಎನ್‌ಎ ಒತ್ತಾಗಿ ಮಡಿಸಿಕೊಂಡ ಭಾಗ) ಪಕ್ಕಕ್ಕೆ ಸರಿದಿತ್ತು ಅಷ್ಟೇ. ಕಣ್ಣೆಲ್ಲ ಕೆಂಪು-ಬಿಳಿ ಮಚ್ಚೆ. ಪುಟ್ಟನ ಜೀನೂ ಅಂಥ ಕಡೆ ಕೂತಿರಬೇಕು.

ಹಿಸ್ಟೋನ್_ಅಕ್ಕ:
ಲೆಂಟಿವೈರಸ್ ಜಾಸ್ತಿ ಕೂರೋದು ಕೆಲಸ ಮಾಡುತ್ತಿರುವ ಜೀನ್‌ಗಳೊಳಗೆ. ಇಲ್ಲಿ ತಕರಾರು ಪ್ರೊಮೋಟರ್‌ದು.

ನೊಣದ_ಕಣ್ಣು:
ಎಲ್ಲವೂ ಅಲ್ಲೇ ಕೂರುತ್ತವಾ?

ಹಳೇ_ಇನ್‌ಕ್ಯುಬೇಟರ್:
ನಮ್ಮ ಹೆಕ್ 293 ಕೋಶಗಳಲ್ಲಿ (ಮನುಷ್ಯರ ಕೋಶ) ಸಿಎಂವಿ ಈಗಲೂ ಜಗಮಗ. ಹೊಸ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಬಂದಿದೆ, ಫೋಟೋ ಹಾಕಲಾ?

ಹಿಸ್ಟೋನ್_ಅಕ್ಕ:
ಹೆಕ್ ಬೇರೆ, ಇಎಸ್ ಬೇರೆ ಸಾರ್. ಪುಟ್ಟ, ಪ್ಲೇಟಿನ ಒಂದು ವೆಲ್‌ಗೆ (ಗುಳಿ) ಅಸಿಟೈಲ್ ಕಳಚದಂತೆ ತಡೆಯುವ ಟ್ರೈಕೊಸ್ಟಾಟಿನ್ ಎ (ಟಿಎಸ್‌ಎ), ಇನ್ನೊಂದಕ್ಕೆ ಮೀಥೈಲ್ ಅಂಟದಂತೆ ತಡೆಯುವ 5-ಅಜಾಸೈಟಿಡಿನ್ (ಅಜಾ), ಮೂರನೇದಕ್ಕೆ ಹೋಲಿಕೆಗೆ ಬರೀ ದ್ರಾವಕ ಡಿಎಂಎಸ್‌ಒ. ಹಸಿರು ಮರಳಿದರೆ ಕ್ರೊಮಾಟಿನ್ನೇ (ಡಿಎನ್‌ಎ-ಹಿಸ್ಟೋನ್ ಜೋಡಣೆ) ಕಾರಣ. ಇದು ಪರೀಕ್ಷೆ ಅಷ್ಟೇ, ಮದ್ದಲ್ಲ. ಕೊನೆಗೆ ಇಎಸ್ ಕೋಶದಲ್ಲಿ ಅಷ್ಟು ಬೇಗ ಮಲಗದ ಇಎಫ್1-ಆಲ್ಫಾ ಪ್ರೊಮೋಟರ್‌ಗೆ ಬದಲಾಯಿಸಲೇಬೇಕು.

ಪೈಪೆಟ್_ಪುಟ್ಟ:
ಎರಡು ದಿನ ಆಯಿತು. ಅಜಾ ವೆಲ್‌ನಲ್ಲಿ ಹಸಿರು ಬಂದಿದೆ ಅಕ್ಕ! ಟಿಎಸ್‌ಎ ವೆಲ್‌ನಲ್ಲಿ ಅರ್ಧ ಕೋಶ ಸತ್ತು ತೇಲುತ್ತಿವೆ. ಅವೂ ಹಸಿರೇ.

ನೊಣದ_ಕಣ್ಣು:
ಸತ್ತ ಕೋಶ ಜಿಎಫ್‌ಪಿ ಇಲ್ಲದೆಯೂ ಹೊಳೆಯುತ್ತದೆ. ಸತ್ತ ಕೋಶಕ್ಕೆ ಬಣ್ಣ ಹಿಡಿಸುವ ಡಿಎಪಿಐ ಹಾಕಿ, ಸತ್ತವನ್ನು ಬಿಟ್ಟು ಫ್ಲೋನಲ್ಲಿ (ಕೋಶ ಎಣಿಸುವ ಯಂತ್ರ) ಎಣಿಸಿ. ಅಜಾ ವೆಲ್ಲನ್ನೂ.

ಹಳೇ_ಇನ್‌ಕ್ಯುಬೇಟರ್:
ಅರ್ಧ ಸತ್ತವಾ? ಮೈಕೊಪ್ಲಾಸ್ಮಾ ಅಂತ ನಾನು ಹೇಳಿರಲಿಲ್ವಾ!